ಜೇನುಗೂಡಿನ ಕೂಡುಕಳೆತ

ಕಡಲಿಗೂ ಹೊಳೆಗೂ ನಡುವಣ ನಮ್ಮ ಮಟ್ಟುವಿನಲ್ಲಿ, ತೆಂಗಿನ ಹೊಂಬಾಳೆಯ ಮೇಲೆ ತುಡುವೆ ಜೇನು ಝೇಂಕರಿಸುವುದನ್ನು ಕಾಣದ ಗೃಹಸ್ಥರು ವಿರಳ. ಆದರೆ ಆ ಗೂಡಿನ ಏಳುಬೀಳುಗಳು ಗಣಿತಕ್ಕೆ ಅಧೀನವೆಂಬುದನ್ನು ಬಲ್ಲವರು ಕೆಲವರೇ.

ಲೆಕ್ಕವು ಸುಲಭವಾದುದು. ಇಂದಿನ ನೊಣಗಳಿಗೆ ಹೊಸದಾಗಿ ಹುಟ್ಟಿದವನ್ನು ಕೂಡಿಸಿ, ಸತ್ತವನ್ನು ಕಳೆದರೆ ನಾಳಿನ ಸಂಖ್ಯೆಯು ದೊರೆಯುವುದು. ದಿನಕ್ಕೆ ೪೦೦ ನೊಣಗಳು ಹುಟ್ಟಿ, ಒಂದೊಂದೂ ೪೦ ದಿನ ಬದುಕುವುದೆಂದೆಣಿಸೋಣ. ಗೂಡು ೧೬,೦೦೦ಕ್ಕೆ ಏರಿ ನಿಲ್ಲುವುದು. ಆಯುಸ್ಸು ೨೫ ದಿನಗಳಿಗಿಳಿದರೆ ೧೦,೦೦೦ ಮಾತ್ರ.

ಕೇಡು ಇಷ್ಟಕ್ಕೇ ಮುಗಿಯದು. ಎಳೆಯ ನೊಣಗಳು ಮರಿಗಳನ್ನು ಸಾಕುವುವು. ಬಲಿತವು ಮೇವಿಗೆ ಹೋಗುವುವು. ಹೊರಗೆ ಹೋದವು ಬಹಳವಾಗಿ ಸತ್ತರೆ, ಎಳೆಯವು ಅಕಾಲದಲ್ಲಿ ಹೊರಬಿದ್ದು ಬೇಗನೆ ಸಾಯುವುವು. ಆಗ ಮರಿಗಳಿಗೆ ದಾದಿಯರೇ ಇಲ್ಲದಂತಾಗಿ ಹುಟ್ಟುವ ಸಂಖ್ಯೆಯೂ ಕುಗ್ಗುವುದು. ಆಸ್ಟ್ರೇಲಿಯದ ಖೌರಿ, ಮೈಯರ್ಸ್ಕೋ, ಬ್ಯಾರನ್ ಎಂಬ ವಿದ್ವಾಂಸರು ೨೦೧೧ರಲ್ಲಿ ಇದನ್ನೇ ಸಮೀಕರಣಗಳಿಂದ ತೋರಿಸಿದರು: ಮೇವಿನ ನೊಣಗಳ ಮರಣವು ಒಂದು ಮೇರೆಯನ್ನು ಮೀರಿದರೆ ಗೂಡು ಕೇವಲ ಕಿರಿದಾಗುವುದಿಲ್ಲ, ನಿರ್ನಾಮವೇ ಆಗುವುದು. ಅವರ ಲೆಕ್ಕವು ಯೂರೋಪಿನ ತಳಿಯ ಜೇನಿನದು. ಆದರೂ ಅದರ ತತ್ತ್ವವು ನಮ್ಮ ತುಡುವೆಗೂ ಸಲ್ಲುವಂಥದು.

ಆದುದರಿಂದ ವಾಚಕ ಮಹಾಶಯರಲ್ಲಿ ಒಂದು ವಿಜ್ಞಾಪನೆ. ಗುಳ್ಳದ ಗದ್ದೆಗೆ ಕೀಟನಾಶಕವನ್ನು ಸಿಂಪಡಿಸಲೇಬೇಕಾದರೆ, ನೊಣಗಳು ಹಾರಾಡುವ ಹಗಲನ್ನು ಬಿಟ್ಟು, ಅವು ಗೂಡು ಸೇರಿದ ಮುಸ್ಸಂಜೆಯಲ್ಲಿ ಸಿಂಪಡಿಸಿರಿ. ಗಿಡದ ಬುಡದಲ್ಲಿ ನಾಲ್ಕು ನೊಣಗಳು ಸತ್ತು ಬಿದ್ದರೆ ನಷ್ಟವೇನೆಂದು ನಮಗೆ ತೋರಬಹುದು. ಆದರೆ ಕಳೆಯುವ ಲೆಕ್ಕವು ದಿನದಿನವೂ ನಡೆದರೆ, ಎಷ್ಟು ದೊಡ್ಡ ಗಂಟಾದರೂ ಬರಿದಾಗದೆ ಉಳಿಯದು.