ತೋಟಾದಲ್ಲಿ ಉಳಿಯುವುದೇನು?

ಕೊಡಗಿನಲ್ಲಿ ಕೈಲು ಮುಹೂರ್ತದ ದಿನ ಕೋವಿಗಳಿಗೆ ಪೂಜೆ ಸಲ್ಲುವುದನ್ನು ನಾವು ಬಲ್ಲೆವು. ಹಳೆಯ ಕೋವಿಗೆ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ಬೇರೆಬೇರೆಯಾಗಿ ತುಂಬಬೇಕಿತ್ತು. ಇಂದಿನ ಪಿಸ್ತೂಲಿನ ತೋಟಾದಲ್ಲಿ ಇವೆಲ್ಲವೂ ಒಂದೆಡೆ ಅಡಕವಾಗಿವೆ. ಹಾರಿಸಿದ ಮೇಲೆ ಉಳಿಯುವುದೇನು? ತಳದ ಪ್ರೈಮರ್ ಪೆಟ್ಟಿಗೆ ಸಿಡಿದು ಮದ್ದನ್ನು ಹೊತ್ತಿಸುತ್ತದೆ. ಮದ್ದು ಉರಿದು ಅನಿಲವಾಗುತ್ತದೆ. ಅನಿಲವು ಗುಂಡನ್ನು ನೂಕುತ್ತದೆ. ಮೂರೂ ವೆಚ್ಚವಾದವು. ಉಳಿದದ್ದು ಹಿತ್ತಾಳೆಯ ಕವಚವೊಂದೇ.

ಆದರೆ ಕೆಲಸವೆಲ್ಲ ಅದರದೇ ಎನ್ನಬೇಕು! ಒತ್ತಡಕ್ಕೆ ಹಿಗ್ಗಿ ಗೋಡೆಗೆ ಒತ್ತಿಕೊಂಡು, ಬಿಸಿ ಅನಿಲವು ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಒಡನೆಯೇ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಮೊದಲಿನ ಅಳತೆಗೆ ಪೂರ್ತಿ ಮರಳದ ಕಾರಣ, ಮತ್ತೆ ತುಂಬುವವರು ಅದನ್ನು ಅಚ್ಚಿನಲ್ಲಿ ಒತ್ತುತ್ತಾರೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಅಪಾಯವೂ ಉಂಟು: ಪದೇ ಪದೇ ಹಿಗ್ಗಿ ಕುಗ್ಗಿದ ಹಿತ್ತಾಳೆ ಪೆಡಸಾಗುತ್ತದೆ, ಬಿರಿದರೆ ಅನಿಲವು ಹಾರಿಸುವವನ ಕೈಮುಖಗಳತ್ತ ನುಗ್ಗೀತು.