ಹಾಸಿಗೆಯ ಆಯ್ಕೆ: ತೆಂಗಿನ ನಾರು ಮತ್ತು ನೆನಪಿನ ನೊರೆ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆ ಮನಸ್ಸಿನ ಮಾತನ್ನು ಹೇಳಿತು. ಮೈಯ ಮಾತನ್ನು ಹೇಳಲಿಲ್ಲ. ಯಾವ ಚಿಂತೆಯೂ ಇಲ್ಲದವರು ಸಹ ಐವತ್ತರ ಹತ್ತಿರ ಬಂದಾಗ ಬೆಳಗ್ಗೆ ಎದ್ದು ಸೊಂಟ ಹಿಡಿದುಕೊಂಡು ನಿಲ್ಲುವುದುಂಟು. ಅದಕ್ಕೆ ಕಾರಣಗಳು ಹಲವಿರಬಹುದು. ಅವುಗಳಲ್ಲಿ ಹಾಸಿಗೆಯೂ ಒಂದು. ದಿನಕ್ಕೆ ಏಳೆಂಟು ಗಂಟೆಯ ನಿದ್ದೆ ಎಂದರೆ ಆಯುಷ್ಯದ ಮೂರರಲ್ಲೊಂದು ಪಾಲು. ಇಷ್ಟು ಕಾಲ ಮೈಯನ್ನು ಹೊರುವ ವಸ್ತುವನ್ನು ನಾವು ಕೊಳ್ಳುವ ಬಗೆಯಾದರೂ ಹೇಗೆ? ಒಂದು ಸೀರೆಗೆ ನಾಲ್ಕು ಅಂಗಡಿ ಹತ್ತಿ ಇಳಿಯುವ ಮನೆಯವರು ಹಾಸಿಗೆಯನ್ನು ಮಾತ್ರ ಮುಷ್ಟಿಯಿಂದ ಎರಡು ಸಲ ಒತ್ತಿ ನೋಡಿ ಹಣ ಎಣಿಸಿಬಿಡುತ್ತಾರೆ.

ಹಾಸು ಎಂಬ ಧಾತುವಿನಿಂದ ಹಾಸಿಗೆ ಎಂಬ ಮಾತು ಬಂದಿದೆ. ಹಾಸಿದ್ದು ಹಾಸಿಗೆ. ರಾತ್ರಿ ಹಾಸಿ ಬೆಳಗ್ಗೆ ಸುತ್ತಿಡುವುದು ನಮ್ಮ ಮನೆಗಳ ಪದ್ಧತಿಯಾಗಿತ್ತು. ಈಚಲು ಚಾಪೆ, ಕುರಿಯ ಉಣ್ಣೆಯ ಕಂಬಳಿ, ಜಮಖಾನ, ಉಳ್ಳವರಲ್ಲಿ ಹತ್ತಿಯ ಅಥವಾ ಬೂರುಗದ ಹತ್ತಿಯ ಹಾಸಿಗೆ, ಇವು ಬಳಕೆಯಲ್ಲಿದ್ದವು. ಹತ್ತಿ ಗಂಟುಕಟ್ಟಿದರೆ ಹಿಂಜುವವನು ಮನೆ ಬಾಗಿಲಿಗೆ ಬರುತ್ತಿದ್ದ. ಹಾಸಿಗೆ ಮತ್ತೆ ಹೊಸದಾಗುತ್ತಿತ್ತು. ಈಗಿನ ಹಾಸಿಗೆ ಸುತ್ತಿಡತಕ್ಕದ್ದಲ್ಲ, ಹಿಂಜತಕ್ಕದ್ದೂ ಅಲ್ಲ. ಮಂಚದ ಮೇಲೆ ಒಮ್ಮೆ ಹಾಕಿದರೆ ಹತ್ತು ವರ್ಷ ಅಲ್ಲಿಯೇ. ಆದುದರಿಂದ ಆಯ್ಕೆಯಲ್ಲಿ ತಪ್ಪಿದರೆ ಆ ತಪ್ಪಿನ ಮೇಲೆಯೇ ಹತ್ತು ವರ್ಷ ಮಲಗಬೇಕಾಗುತ್ತದೆ.

ಮೊದಲು ಮೈ ಏನನ್ನು ಕೇಳುತ್ತದೆ ಎಂಬುದನ್ನು ತಿಳಿಯೋಣ. ನಮ್ಮ ದೇಹ ಹಲಗೆಯಂತೆ ಸಮತಟ್ಟಲ್ಲ. ಮಗ್ಗುಲಾಗಿ ಮಲಗಿದಾಗ ಭುಜವೂ ಸೊಂಟದ ಮೂಳೆಯೂ ಉಬ್ಬಿರುತ್ತವೆ, ನಡು ತಗ್ಗಿರುತ್ತದೆ. ಹಾಸಿಗೆ ಅತಿ ಗಟ್ಟಿಯಾದರೆ ಉಬ್ಬಿದ ಭಾಗಗಳೇ ಇಡೀ ಭಾರವನ್ನು ಹೊರುತ್ತವೆ. ಅಲ್ಲಿ ರಕ್ತದ ಓಟ ತಗ್ಗಿ, ಜೋಮು ಹಿಡಿದು, ಮಲಗಿದವರು ಪದೇ ಪದೇ ಹೊರಳುತ್ತಾರೆ. ಅತಿ ಮೆತ್ತಗಾದರೆ ಸೊಂಟ ಹಳ್ಳಕ್ಕಿಳಿದು ಬೆನ್ನೆಲುಬು ತೊಟ್ಟಿಲಿನಂತೆ ಬಾಗುತ್ತದೆ. ಉಬ್ಬಿದಲ್ಲಿ ತಗ್ಗಬೇಕು, ತಗ್ಗಿದಲ್ಲಿ ಆಸರೆ ಕೊಡಬೇಕು: ಒಳ್ಳೆಯ ಹಾಸಿಗೆಯ ಲಕ್ಷಣ ಇಷ್ಟೇ. ಬೆಲೆ, ಹೆಸರು, ಹೊದಿಕೆಯ ಹೂವು ಇವೆಲ್ಲ ಆಮೇಲಿನವು.

ಬೆನ್ನುನೋವಿಗೆ ಬರಿಯ ಹಲಗೆಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸ್ಪೇನ್ ದೇಶದ ವೈದ್ಯರು ಬಹುಕಾಲದ ಸೊಂಟನೋವಿದ್ದ 313 ಜನರಿಗೆ, ಕೆಲವರಿಗೆ ಗಟ್ಟಿ ಹಾಸಿಗೆಯನ್ನೂ ಕೆಲವರಿಗೆ ನಡುತರದ ಹಾಸಿಗೆಯನ್ನೂ ಕೊಟ್ಟು ತೊಂಬತ್ತು ದಿನ ಪರೀಕ್ಷಿಸಿ, ಅದರ ಫಲವನ್ನು 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನಡುತರದ ಗಟ್ಟಿಯಿರುವ ಹಾಸಿಗೆಯಲ್ಲಿ ಮಲಗಿದವರಿಗೇ ನೋವು ಹೆಚ್ಚು ತಗ್ಗಿತ್ತು. ಹಲಗೆಯೂ ಅಲ್ಲ, ಹತ್ತಿಯ ರಾಶಿಯೂ ಅಲ್ಲ, ಇವೆರಡರ ನಡುವಣ ದಾರಿಯೇ ಲೇಸು ಎಂದಾಯಿತು.

ಈ ನಡುವಣ ದಾರಿಗೆ ಬೇಕಾದ ಸಾಮಗ್ರಿಯೊಂದು ನಮ್ಮ ಸೀಮೆಯಲ್ಲಿಯೇ ಉಂಟು. ಗುಬ್ಬಿ ದಾಟಿ ತಿಪಟೂರಿನ ಕಡೆಗೆ ಹೋಗುವ ರೈಲು ಅಮ್ಮಸಂದ್ರಕ್ಕೆ ಬರುವ ವೇಳೆಗೆ ಹಳಿಯ ಇಕ್ಕೆಲಗಳಲ್ಲಿಯೂ ತೆಂಗು ಕಾಣತೊಡಗುತ್ತದೆ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ರೈತರು ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೇರಿಸಿ, ಹೆಚ್ಚುಕಡಮೆ ಒಂದು ವರ್ಷ ಬಿಟ್ಟು, ಒಳಗಿನ ನೀರು ಇಂಗಿ ಗಿಟುಕು ಸಡಿಲವಾಗಿ ಅಲ್ಲಾಡುವಾಗ ಸುಲಿದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಉಳಿದ ಮಟ್ಟೆ ಒಂದು ಕಾಲಕ್ಕೆ ನೀರೊಲೆಯ ಸೌದೆ ಮಾತ್ರವಾಗಿತ್ತು; ಈಗ ಅದು ನಾರಿನ ಗಿರಣಿಗಳಿಗೂ ಹೋಗುತ್ತದೆ. ಮಟ್ಟೆಯ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ನಾರು, ಮಿಕ್ಕದ್ದು ಹುಡಿ.

ಬಲಿತ ಕಾಯಿಯ ಕಂದು ನಾರಿನಲ್ಲಿ ಲಿಗ್ನಿನ್ ಎಂಬ ಗಡಸು ದ್ರವ್ಯ ಹೆಚ್ಚು. ಆದುದರಿಂದ ಅದನ್ನು ಬಾಗಿಸಿದರೆ ಮುರಿಯದೆ ಪುಟಿಯುತ್ತದೆ. ಈ ನಾರನ್ನು ಬಿಗಿಯಾದ ಹುರಿಯಾಗಿ ಹೊಸೆದು, ಸುರುಳಿ ಕೂತ ಮೇಲೆ ಬಿಚ್ಚಿದರೆ ಒಂದೊಂದು ಎಳೆಯೂ ಗುಂಗುರು ಕೂದಲಿನಂತಾಗುತ್ತದೆ. ಅದನ್ನು ಪದರ ಪದರವಾಗಿ ಹರಡಿ, ರಬ್ಬರಿನ ಹಾಲನ್ನು ಸಿಂಪಡಿಸಿ, ಒಣಗಿಸಿ, ಅಚ್ಚಿನಲ್ಲಿ ಒತ್ತಿ, ಗಂಧಕದ ನೆರವಿನಿಂದ ಬಿಸಿಯಲ್ಲಿ ಹದಗೊಳಿಸಿದರೆ ‘ರಬ್ಬರೀಕರಿಸಿದ ನಾರಿನ ಹಾಸಿಗೆ’ ಸಿದ್ಧ. ಎಳೆಗಳ ನಡುವೆ ಗಾಳಿಯಾಡುವುದರಿಂದ ಬೇಸಗೆಯಲ್ಲಿಯೂ ಬೆನ್ನು ಬೇಯುವುದಿಲ್ಲ. ದೋಷವೂ ಉಂಟು: ಗುಣ ಕಡಮೆಯಾದ ನಾರಿನ ಹಾಸಿಗೆ ಕೆಲವೇ ವರ್ಷಗಳಲ್ಲಿ ನಡುವೆ ಕುಸಿಯುತ್ತದೆ; ತೆಳ್ಳಗಿನ ಮೈಯವರಿಗೆ ಗಟ್ಟಿ ಎನಿಸುತ್ತದೆ.

ಈಗ ಅಂಗಡಿಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ‘ಮೆಮೊರಿ ಫೋಮ್’. ಕನ್ನಡದಲ್ಲಿ ಹೇಳುವುದಾದರೆ ನೆನಪಿನ ನೊರೆ. ಇದು ಚಂದ್ರಯಾನಿಗಳು ಮಲಗಿದ್ದ ಹಾಸಿಗೆ ಎಂದು ಮಾರುವವರು ಹೇಳುವುದುಂಟು. ನಿಜ ಸಂಗತಿ ಬೇರೆ. 1966ರಲ್ಲಿ ಅಮೆರಿಕದ ಅಂತರಿಕ್ಷ ಸಂಸ್ಥೆಯಾದ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರರು ಇದನ್ನು ರೂಪಿಸಿದರು. ಉದ್ದೇಶ ವಿಮಾನದ ಆಸನ, ಅಪಘಾತದಲ್ಲಿ ಕುಳಿತವರಿಗೆ ಪೆಟ್ಟು ತಗ್ಗಬೇಕೆಂಬುದು. ಹಾಸಿಗೆಯ ರೂಪದಲ್ಲಿ ಇದನ್ನು 1991ರಲ್ಲಿ ಮಾರುಕಟ್ಟೆಗೆ ತಂದದ್ದು ಸ್ವೀಡನ್ ದೇಶದ ಕಂಪನಿ.

ಇದೂ ಪಾಲಿಯುರಿಥೇನ್ ನೊರೆಯೇ. ಆದರೆ ಸಾಮಾನ್ಯ ನೊರೆ ಒತ್ತಿದ ಕೈ ತೆಗೆದೊಡನೆ ಪುಟಿದರೆ, ಇದು ನಿಧಾನವಾಗಿ, ಜೇನು ಹರಿದಂತೆ, ಮೊದಲಿನ ಆಕಾರಕ್ಕೆ ಬರುತ್ತದೆ. ಇದು ನೆನಪಿಟ್ಟುಕೊಳ್ಳುವುದು ನಮ್ಮ ಆಕಾರವನ್ನಲ್ಲ, ತನ್ನ ಆಕಾರವನ್ನು. ಮೈಯ ಬಿಸಿ ತಾಗಿದಲ್ಲಿ ಮೆತ್ತಗಾಗಿ ತಗ್ಗುತ್ತದೆ. ಭುಜ, ಸೊಂಟಗಳ ಭಾರವನ್ನು ಅಗಲವಾಗಿ ಹಂಚುತ್ತದೆ. ಇನ್ನೊಂದು ಗುಣವೆಂದರೆ ಒಬ್ಬರ ಹೊರಳಾಟ ಪಕ್ಕದವರಿಗೆ ತಾಗದು. ಸಿಮೆಂಟ್ ಕಾರ್ಖಾನೆಯಿಂದ ಹೆಸರಾದ ಅಮ್ಮಸಂದ್ರದಂಥ ಊರಿನಲ್ಲಿ ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಮಲಗುವವರಿರುವ ಮನೆಗೆ ಇದು ಸಣ್ಣ ಲಾಭವಲ್ಲ.

ಆದರೆ ಬಿಸಿಗೆ ಮೆತ್ತಗಾಗುವ ಗುಣವೇ ನಮ್ಮ ಬೇಸಗೆಯಲ್ಲಿ ದೋಷವಾಗುತ್ತದೆ. ಮೈ ಆಳಕ್ಕೆ ಇಳಿದಷ್ಟೂ ಸುತ್ತ ಗಾಳಿ ಕಡಮೆ. ಶಾಖ ನೊರೆಯಲ್ಲಿ ನಿಲ್ಲುತ್ತದೆ. ಏಪ್ರಿಲ್ ತಿಂಗಳ ರಾತ್ರಿ ಬೆವರುತ್ತದೆ; ಮಾಗಿಯ ಚಳಿಯಲ್ಲಿ ಅದೇ ನೊರೆ ಗಟ್ಟಿಯಾಗಿ, ಮಲಗಿದ ಸ್ವಲ್ಪ ಹೊತ್ತಿನ ಮೇಲೆಯೇ ಒಗ್ಗುತ್ತದೆ. ಹೀಗಿರುವಲ್ಲಿ ಹಾಸಿಗೆಯೆಲ್ಲವೂ ಮೆಮೊರಿ ಫೋಮ್ ಆಗಿರಬೇಕೆಂದು ಬಯಸುವುದು ಜಾಣತನವಲ್ಲ. ಹಾಗೆ ಮಾಡುವುದೂ ಇಲ್ಲ. ಅದು ಮೇಲಿನ ಒಂದೆರಡು ಅಂಗುಲದ ಪದರ ಮಾತ್ರ. ಕೆಳಗೆ ಭಾರ ಹೊರುವುದು ಬೇರೆ. ಆ ಕೆಳಪದರ ಗಟ್ಟಿ ನೊರೆಯಾಗಿರಬಹುದು, ಒಳ್ಳೆಯ ನಾರೂ ಆಗಿರಬಹುದು. ಕೆಳಗೆ ಗಾಳಿಯಾಡುವ ನಾರು, ಮೇಲೆ ಎರಡಂಗುಲದ ನೆನಪಿನ ನೊರೆ, ಅದರ ಮೇಲೆ ಹತ್ತಿಯ ಹೊದಿಕೆ: ನಮ್ಮ ಹವೆಗೆ ಈ ಜೋಡಣೆ ಒಪ್ಪುತ್ತದೆ.

ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಸಾಂದ್ರತೆ. ಸಾಂದ್ರತೆ ಬೇರೆ, ಗಟ್ಟಿತನ ಬೇರೆ. ಒಂದು ಘನ ಮೀಟರಿನಲ್ಲಿ ಎಷ್ಟು ಕಿಲೋ ಎಂಬುದು ಸಾಂದ್ರತೆ. ಅದು ಬಾಳಿಕೆಯನ್ನು ಸೂಚಿಸುತ್ತದೆ. ಒತ್ತಿದರೆ ಎಷ್ಟು ತಗ್ಗುತ್ತದೆ ಎಂಬುದು ಗಟ್ಟಿತನ. ಮೆತ್ತಗಿದ್ದೂ ಬಾಳುವ ನೊರೆಯುಂಟು, ಗಟ್ಟಿಯಿದ್ದೂ ಬೇಗ ಕುಸಿಯುವ ನೊರೆಯುಂಟು. ನೆನಪಿನ ನೊರೆಯ ಸಾಂದ್ರತೆ 50ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಲೆಕ್ಕ ಸುಲಭ: ಆರಡಿ ಉದ್ದ, ಮೂರಡಿ ಅಗಲ, ಎರಡಂಗುಲ ದಪ್ಪದ ಪದರ 50 ಸಾಂದ್ರತೆಯದಾದರೆ ನಾಲ್ಕೂಕಾಲು ಕಿಲೋ ತೂಗುತ್ತದೆ, 30ರದಾದರೆ ಎರಡೂವರೆ ಕಿಲೋ. ಅಂಗಡಿಯವರು ಪದರವನ್ನು ಬಿಡಿಸಿ ತೂಗಿ ಕೊಡಲಾರರು ನಿಜ. ಆದರೆ ‘ಮೇಲಿನ ಪದರ ಎಷ್ಟು ಅಂಗುಲ? ಎಷ್ಟು ಸಾಂದ್ರತೆ? ಕೆಳಗಿರುವುದು ಏನು?’ ಎಂದು ಕೇಳಿ ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಬಹುದಲ್ಲವೆ? ‘ಆರ್ಥೋಪೆಡಿಕ್’ ಎಂಬ ಚೀಟಿಯೊಂದನ್ನೇ ನೆಚ್ಚಬಾರದು; ಅದು ಮಾರಾಟದ ಮಾತು, ವೈದ್ಯರ ಚೀಟಿಯಲ್ಲ.

ಎರಡನೆಯದು, ಮಲಗಿ ನೋಡುವುದು. ಇದಕ್ಕೆ ಸಂಕೋಚ ಬೇಡ. ಚಪ್ಪಲಿ ಕಳಚಿ, ಮನೆಯಲ್ಲಿ ಹೇಗೆ ಮಲಗುತ್ತೀರೋ ಹಾಗೆಯೇ ಹತ್ತು ನಿಮಿಷ ಮಲಗಬೇಕು. ಅಂಗಾತ ಮಲಗಿ ನಡುವಿನ ಕೆಳಗೆ ಅಂಗೈ ತೂರಿಸಿ. ಕೈ ಸಲೀಸಾಗಿ ಆಚೆಗೆ ಹೋದರೆ ಹಾಸಿಗೆ ನಿಮಗೆ ಗಟ್ಟಿ. ತೂರಲೇ ಆಗದಿದ್ದರೆ ಮೆತ್ತಗೆ. ಸ್ವಲ್ಪ ಬಿಗಿಯಾಗಿ ಹೋದರೆ ಸರಿ. ಮಗ್ಗುಲಾದಾಗ ಬೆನ್ನ ಹುರಿ ನೇರವಾಗಿದೆಯೇ ಎಂದು ಜೊತೆಯವರು ಹಿಂದಿನಿಂದ ನೋಡಲಿ. ಮಗ್ಗುಲಾಗಿ ಮಲಗುವವರಿಗೆ ಮೇಲ್ಪದರ ಮೆತ್ತಗಿರಬೇಕು. ಬೋರಲು ಮಲಗುವವರಿಗೂ ಭಾರದ ಮೈಯವರಿಗೂ ಗಟ್ಟಿಯಾದುದು ಬೇಕು. ಗಂಡನಿಗೆ ಒಪ್ಪಿದ್ದು ಹೆಂಡತಿಗೆ ಒಪ್ಪಲೇಬೇಕೆಂದಿಲ್ಲ. ಇಬ್ಬರೂ ಮಲಗಿ ನೋಡತಕ್ಕದ್ದು. ಪೆಟ್ಟಿಗೆಯಲ್ಲಿ ಸುರುಳಿಯಾಗಿ ಮನೆಗೇ ಬರುವ ಹಾಸಿಗೆಯನ್ನು ತರಿಸುವವರು ಎಷ್ಟು ರಾತ್ರಿಯೊಳಗೆ, ಯಾರ ಖರ್ಚಿನಲ್ಲಿ ಹಿಂದಿರುಗಿಸಬಹುದು ಎಂಬುದನ್ನು ಮೊದಲೇ ಓದಿಕೊಳ್ಳಬೇಕು. ಅದನ್ನು ಬಿಚ್ಚಿ ಒಂದೆರಡು ದಿನ ಗಾಳಿಗೆ ಬಿಟ್ಟರೆ ಪೂರ್ತಿ ಉಬ್ಬುತ್ತದೆ. ಹೊಸ ನೊರೆಯ ವಾಸನೆಯೂ ಹೋಗುತ್ತದೆ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಹಸುಗೂಸನ್ನು ಮೆತ್ತನೆಯ ನೊರೆಯ ಮೇಲೆ ಮಲಗಿಸಲೇಬಾರದು. ಮುಖ ಹುದುಗಿದರೆ ಕೂಸಿಗೆ ಹೊರಳುವ ಶಕ್ತಿ ಇರದು, ಉಸಿರು ಕಟ್ಟುವ ಅಪಾಯವುಂಟು. ಮಗುವಿಗೆ ಗಟ್ಟಿಯಾದ, ಸಮತಟ್ಟಾದ ಹಾಸು ಬೇಕು, ಅಂಗಾತ ಮಲಗಿಸಬೇಕು. ಹಾಸಿಗೆ ಹಿಡಿದ ಹಿರಿಯರಿಗೆ ನೆನಪಿನ ನೊರೆ ಹಿತವೇ; ಆದರೆ ಅದರಿಂದಲೇ ಹಾಸಿಗೆ ಹುಣ್ಣು ತಪ್ಪುತ್ತದೆಂದು ನಂಬಬಾರದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೈಗೆ ಸಮನಾದ ಹಾಸಿಗೆ ಇಲ್ಲ.

ತಂದ ಮೇಲೆ ಆರೈಕೆಯೂ ಬೇಕು. ನವಾರದ ಮಂಚದ ಮೇಲೆ ನೊರೆಯ ಹಾಸಿಗೆ ಹಾಕಿದರೆ ಮಂಚದ ಜೋಲು ಹಾಸಿಗೆಗೂ ಬರುತ್ತದೆ. ಸಮವಾದ ಹಲಗೆ ಇರಬೇಕು. ನಾರಿನ ಹಾಸಿಗೆಯನ್ನು ಮೂರು ತಿಂಗಳಿಗೊಮ್ಮೆ ಮಗುಚಿ, ಆಗಾಗ ಎಳೆಬಿಸಿಲು ತೋರಿಸಬೇಕು. ಮೇಲ್ಪದರವಿರುವ ಹಾಸಿಗೆಯನ್ನು ಮಗುಚಬಾರದು; ತಲೆಯ ಕಡೆಯನ್ನು ಕಾಲ ಕಡೆಗೆ ತಿರುಗಿಸಿದರೆ ಸಾಕು. ನೊರೆಗೆ ನೀರೂ ಕೂಡದು, ಉರಿಬಿಸಿಲೂ ಕೂಡದು.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹಿರಿಯರು ಹೇಳಿದ್ದು ಖರ್ಚಿನ ವಿಷಯದಲ್ಲಿ. ಕೊಳ್ಳುವ ದಿನ ಮಾತ್ರ ಅದನ್ನು ತಿರುಗಿಸಿ ಓದಿಕೊಳ್ಳಬೇಕು. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರ ಅಳತೆಗೆ ಅರ್ಧ ಅಡಿ ಸೇರಿಸಿ, ಆ ಉದ್ದದ ಹಾಸಿಗೆಯನ್ನೇ ಕೇಳಿ. ದುಬಾರಿಯದನ್ನೇ ಕೊಳ್ಳಬೇಕಾಗಿಲ್ಲ, ಮಲಗಿ ನೋಡಿ, ಕೇಳಿ ತಿಳಿದು, ಬರೆಸಿಕೊಂಡು ಕೊಂಡರೆ ಸಾಕು.