ವಿಚಾರಣೆಯೇ ನಡೆಯದೆ ಮುಗಿಯುವ ಕೇಸುಗಳು

1970ರ ದಶಕದ ಆರಂಭದಲ್ಲಿ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಪಾಲ್ ಲೂಯಿಸ್ ಹೇಯ್ಸ್ ಎಂಬಾತ 88 ಡಾಲರ್ 30 ಸೆಂಟಿನ ಖೋಟಾ ಚೆಕ್ಕಿನ ಕೇಸಿನಲ್ಲಿ ಸಿಕ್ಕಿಬಿದ್ದ. ಆ ಅಪರಾಧಕ್ಕೆ ಅಲ್ಲಿನ ಕಾನೂನಿನಲ್ಲಿ ಎರಡರಿಂದ ಹತ್ತು ವರ್ಷ ಸಜೆ. ಸರಕಾರಿ ವಕೀಲರು ಅವನ ಮುಂದೆ ಎರಡು ದಾರಿ ಇಟ್ಟರು. ತಪ್ಪು ಒಪ್ಪಿಕೊಂಡರೆ ಐದು ವರ್ಷ ಕೇಳುತ್ತೇವೆ. ಒಪ್ಪದೆ ವಿಚಾರಣೆಗೆ ಹೋದರೆ ಹಳೆಯ ಎರಡು ಶಿಕ್ಷೆಗಳನ್ನೂ ಲೆಕ್ಕಕ್ಕೆ ಹಿಡಿದು, ಪದೇ ಪದೇ ಅಪರಾಧ ಮಾಡುವವರ ಮೇಲಿನ ಕಾಯ್ದೆಯಡಿ ಹೊಸ ಆರೋಪ ಹೊರಿಸುತ್ತೇವೆ. ಆ ಕಾಯ್ದೆಯಲ್ಲಿ ಜೀವಾವಧಿ ಕಡ್ಡಾಯ. ಹೇಯ್ಸ್ ಒಪ್ಪಲಿಲ್ಲ. ಜ್ಯೂರಿ ಅವನನ್ನು ತಪ್ಪಿತಸ್ಥ ಎಂದಿತು, ಜೀವಾವಧಿ ಬಿತ್ತು. ಸರಕಾರಿ ವಕೀಲರು ಹೀಗೆ ಮಾಡಿದ್ದರಲ್ಲಿ ಸಂವಿಧಾನಕ್ಕೆ ವಿರುದ್ಧವಾದದ್ದೇನೂ ಇಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟು ಐದು–ನಾಲ್ಕರ ಬಹುಮತದಿಂದ ತೀರ್ಪು ಕೊಟ್ಟಿತು.

ಅಮೆರಿಕದ ಕ್ರಿಮಿನಲ್ ನ್ಯಾಯದ ಬಗ್ಗೆ ನಮ್ಮಲ್ಲಿರುವ ಕಲ್ಪನೆಗಳನ್ನು ತಿದ್ದಿಕೊಳ್ಳಬೇಕಾದರೆ ಈ ಕೇಸಿನಿಂದಲೇ ಶುರುಮಾಡಬೇಕು. ಸಿನಿಮಾಗಳಲ್ಲಿ, ವೆಬ್ ಸರಣಿಗಳಲ್ಲಿ ನಾವು ನೋಡಿರುವುದೆಲ್ಲ ಕೋರ್ಟ್ ಹಾಲಿನೊಳಗೆ ನಡೆಯುತ್ತದೆ. ಆದರೆ ಹೆಚ್ಚಿನ ಆರೋಪಿಗಳ ಹಣೆಬರಹ ಅದಕ್ಕಿಂತ ಎಷ್ಟೋ ಮೊದಲೇ, ಜ್ಯೂರಿ ಕೂರುವ ಮುನ್ನವೇ, ತೀರ್ಮಾನವಾಗಿರುತ್ತದೆ.

ನಂಬಿಕೆ: ಪ್ರತಿಯೊಬ್ಬ ಆರೋಪಿಗೂ ಜ್ಯೂರಿ ಮುಂದೆ ವಿಚಾರಣೆ ಆಗುತ್ತದೆ

ಹಕ್ಕೇನೋ ಇದೆ. ಸಂವಿಧಾನದ ಆರನೇ ತಿದ್ದುಪಡಿ ಕೊಟ್ಟ ಹಕ್ಕು ಅದು. ಅದನ್ನು ಬಳಸಿಕೊಳ್ಳುವವರು ಮಾತ್ರ ತೀರಾ ಕಡಿಮೆ. 2012ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಕೊಟ್ಟ ಲೆಕ್ಕ ಹೀಗಿದೆ: ಫೆಡರಲ್, ಅಂದರೆ ಕೇಂದ್ರದ, ಕೋರ್ಟುಗಳಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದ ಕೇಸುಗಳಲ್ಲಿ ಶೇ. 97, ರಾಜ್ಯಗಳ ಕೋರ್ಟುಗಳಲ್ಲಿ ಶೇ. 94, ಆರೋಪಿ ತಾನೇ ತಪ್ಪೊಪ್ಪಿಕೊಂಡು ಮುಗಿದವು. ಸಾಕ್ಷಿಗಳನ್ನು ಕರೆಯಲಿಲ್ಲ, ಪಾಟೀಸವಾಲು ನಡೆಯಲಿಲ್ಲ, ಪೊಲೀಸರು ಸರಿಯಾಗಿ ತನಿಖೆ ಮಾಡಿದರೇ ಎಂದು ಯಾರೂ ಎದುರಿಗೆ ನಿಂತು ಕೇಳಲಿಲ್ಲ. ಶಿಕ್ಷೆಯ ಬಗ್ಗೆ ಚೌಕಾಸಿ ಮಾಡಿ ತಪ್ಪೊಪ್ಪಿಕೊಳ್ಳುವ ಈ ಪದ್ಧತಿಯನ್ನು ಅಲ್ಲಿನವರು ಪ್ಲೀ ಬಾರ್ಗೇನ್ ಎನ್ನುತ್ತಾರೆ. ನಮ್ಮ ದೇಶದಲ್ಲೂ 2005ರ ತಿದ್ದುಪಡಿಯಿಂದ ಇದು ಕಾನೂನಿನಲ್ಲಿ ಸೇರಿದೆ. ಆದರೆ ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಗಳಿಗಾಗಲಿ, ಹೆಂಗಸರ ಮೇಲಿನ ಮತ್ತು ಮಕ್ಕಳ ಮೇಲಿನ ಅಪರಾಧಗಳಿಗಾಗಲಿ ಅದು ಅನ್ವಯಿಸುವುದಿಲ್ಲ. ಅಮೆರಿಕದಲ್ಲಿ ಅಂಥ ಗಡಿಯಿಲ್ಲ. ಕೊಲೆ ಕೇಸೂ ಹೀಗೆ ಮುಗಿಯಬಹುದು.

ಚೌಕಾಸಿ ಅಂದಮೇಲೆ ಎರಡೂ ಕಡೆಗೆ ಸಮಬಲ ಇರಬೇಕಲ್ಲವೇ? ಇಲ್ಲಿ ಇಲ್ಲ. ಯಾವ ಆರೋಪ ಹೊರಿಸಬೇಕು, ಎಷ್ಟು ಹೊರಿಸಬೇಕು, ಯಾವುದನ್ನು ಕೈಬಿಡಬೇಕು ಎನ್ನುವುದೆಲ್ಲ ಸರಕಾರಿ ವಕೀಲರ ಕೈಯಲ್ಲಿದೆ. ಹಲವು ಅಪರಾಧಗಳಿಗೆ ಶಾಸನವೇ ಕನಿಷ್ಠ ಶಿಕ್ಷೆ ಗೊತ್ತುಮಾಡಿರುತ್ತದೆ, ಅದಕ್ಕಿಂತ ಕಡಿಮೆ ಕೊಡಲು ಜಡ್ಜಿಗೂ ಸಾಮಾನ್ಯವಾಗಿ ಅಧಿಕಾರವಿಲ್ಲ. ಹೀಗಾಗಿ ಯಾವ ಕಲಮು ಹಾಕಬೇಕೆಂದು ಸರಕಾರಿ ವಕೀಲರು ನಿರ್ಧರಿಸಿದ ಕ್ಷಣದಲ್ಲೇ ಶಿಕ್ಷೆಯೂ ಬಹುಪಾಲು ನಿರ್ಧಾರವಾಗಿಬಿಡುತ್ತದೆ. ಬಹುತೇಕ ರಾಜ್ಯಗಳಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥದು) ಈ ಮುಖ್ಯ ಸರಕಾರಿ ವಕೀಲರು, ಅಂದರೆ ಡಿಸ್ಟ್ರಿಕ್ಟ್ ಅಟಾರ್ನಿ, ಜನರ ಮುಂದೆ ಮತ ಕೇಳಿ ಗೆದ್ದು ಬಂದವರು. ಎಷ್ಟು ಜನರಿಗೆ ಶಿಕ್ಷೆ ಕೊಡಿಸಿದೆವು ಎನ್ನುವುದು ಅವರ ಪ್ರಚಾರದ ಮಾತೂ ಆಗಬಹುದು.

ಬಡವರಿಗೆ ಸರಕಾರವೇ ವಕೀಲರನ್ನು ಕೊಡುತ್ತದೆ ಎಂಬುದು ನಿಜ. ಫ್ಲಾರಿಡಾದ ಜೈಲಿನಿಂದ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಕೈದಿ ಪೆನ್ಸಿಲಿನಲ್ಲಿ ಬರೆದು ಕಳಿಸಿದ ಅರ್ಜಿಯ ಮೇಲೆ 1963ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪು ಕೊಟ್ಟಿತು. ವಕೀಲರ ನೆರವಿನಿಂದ ನಡೆದ ಮರುವಿಚಾರಣೆಯಲ್ಲಿ ಗಿಡಿಯನ್ ಖುಲಾಸೆಯಾದ. ಆದರೆ ಇಂದು ಅನೇಕ ಊರುಗಳಲ್ಲಿ ಆ ಸರಕಾರಿ ನೆರವಿನ ವಕೀಲರ ಮೇಲೆ ಹೊರಲಾಗದಷ್ಟು ಕೇಸುಗಳ ಹೊರೆ. ಕಕ್ಷಿದಾರನನ್ನು ಕೋರ್ಟಿನ ವರಾಂಡದಲ್ಲಿ ಮೊದಲ ಸಲ ನೋಡಿ, ಕೆಲವೇ ನಿಮಿಷದಲ್ಲಿ "ಒಪ್ಪಿಕೊಳ್ಳುವುದು ಒಳ್ಳೆಯದು" ಎಂದು ಹೇಳಬೇಕಾದ ಸ್ಥಿತಿ.

ನಂಬಿಕೆ: ತಪ್ಪು ಮಾಡದವನು ಒಪ್ಪಿಕೊಳ್ಳುವುದಿಲ್ಲ

ಕೇಳಲು ಸರಿಯೆನಿಸುತ್ತದೆ. ಆದರೆ 1989ರಿಂದೀಚೆಗೆ ಅಮೆರಿಕದಲ್ಲಿ ತಪ್ಪಾಗಿ ಶಿಕ್ಷೆಗೊಳಗಾಗಿ ಆಮೇಲೆ ನಿರ್ದೋಷಿಗಳೆಂದು ಸಾಬೀತಾದ 3000ಕ್ಕೂ ಹೆಚ್ಚು ಜನರ ದಾಖಲೆ ಇದೆ. ಅವರಲ್ಲಿ ನೂರಾರು ಮಂದಿ ಕೋರ್ಟಿನಲ್ಲಿ ತಾವೇ "ತಪ್ಪು ಮಾಡಿದ್ದೇನೆ" ಎಂದು ಒಪ್ಪಿಕೊಂಡವರು. ಯಾಕೆ ಒಪ್ಪಿದರು ಎಂದು ತಿಳಿಯಬೇಕಾದರೆ ಒಪ್ಪದೆ ನಿಂತವರಿಗೆ ಏನಾಯಿತು ಎಂದು ನೋಡಬೇಕು.

ಕಲೀಫ್ ಬ್ರೌಡರ್ ನ್ಯೂಯಾರ್ಕಿನ ಬ್ರಾಂಕ್ಸಿನ ಹುಡುಗ. 2010ರ ಮೇ ತಿಂಗಳಲ್ಲಿ, ಬೆನ್ನಿಗೆ ಹಾಕಿಕೊಳ್ಳುವ ಒಂದು ಚೀಲ ಕದ್ದನೆಂಬ ಆರೋಪದ ಮೇಲೆ ಪೊಲೀಸರು ಹಿಡಿದಾಗ ಅವನಿಗೆ 16 ವರ್ಷ. ಜಾಮೀನು 3000 ಡಾಲರ್. ಮನೆಯವರಿಗೆ ಅಷ್ಟು ಹಣ ಹೊಂದಿಸಲಾಗಲಿಲ್ಲ. ಹುಡುಗನನ್ನು ರೈಕರ್ಸ್ ಐಲೆಂಡ್ ಜೈಲಿಗೆ ಕಳಿಸಿದರು. ಆಮೇಲೆ, ಹಿಂದಿನ ಒಂದು ಕೇಸಿನಲ್ಲಿ ಅವನು ಪ್ರೊಬೇಷನ್ ಮೇಲೆ ಇದ್ದ ಕಾರಣಕ್ಕೆ ಜಾಮೀನಿನ ಬಾಗಿಲೂ ಮುಚ್ಚಿತು. ಕೇಸಿನ ವಾಯಿದೆಗಳು ನಡೆದ ರೀತಿ ನೋಡಿ: "ಸಿದ್ಧವಾಗಿಲ್ಲ, ಒಂದು ವಾರ ಕೊಡಿ" ಎಂದು ಸರಕಾರಿ ವಕೀಲರು ಕೇಳುತ್ತಾರೆ. ಕೋರ್ಟಿನಲ್ಲಿ ಕೇಸುಗಳ ರಾಶಿ, ಮುಂದಿನ ದಿನಾಂಕ ಸಿಗುವುದು ಎಷ್ಟೋ ವಾರಗಳ ನಂತರ. ಬೇಗ ವಿಚಾರಣೆ ನಡೆಸಬೇಕೆಂಬ ಕಾನೂನಿನ ಗಡುವಿಗೆ ಮಾತ್ರ ಲೆಕ್ಕವಾಗುವುದು ಆ ಒಂದೇ ವಾರ. ಗಡಿಯಾರ ಹೀಗೆ ನಿಂತು ನಿಂತು ನಡೆಯಿತು, ಹುಡುಗ ಒಳಗೆ ಮೂರು ವರ್ಷ ಕಳೆದ, ಅದರಲ್ಲಿ ಎರಡು ವರ್ಷದಷ್ಟು ಒಂಟಿ ಕೋಣೆಯಲ್ಲಿ. ನಡುವೆ ಮತ್ತೆ ಮತ್ತೆ ಚೌಕಾಸಿ ಬಂತು. ಕೊನೆಯ ಹೊತ್ತಿಗೆ, ಸಣ್ಣ ಅಪರಾಧ ಒಪ್ಪಿಕೊಂಡರೆ ಇವತ್ತೇ ಮನೆಗೆ ಹೋಗಬಹುದು ಎಂಬಲ್ಲಿಗೆ ಬಂದು ನಿಂತಿತು. ಮಾಡದ ಕಳ್ಳತನ ಒಪ್ಪುವುದಿಲ್ಲ ಎಂದು ಅವನು ಹಟ ಬಿಡಲಿಲ್ಲ. 2013ರಲ್ಲಿ ಕೇಸು ವಜಾ ಆಯಿತು. ವಿಚಾರಣೆ ಒಂದು ದಿನವೂ ನಡೆದಿರಲಿಲ್ಲ. 2015ರ ಜೂನ್‌ನಲ್ಲಿ, 22ನೇ ವಯಸ್ಸಿಗೆ, ಅವನು ತನ್ನ ಮನೆಯಲ್ಲೇ ಪ್ರಾಣ ಕಳೆದುಕೊಂಡ.

ಇದನ್ನು ಓದಿದ ಮೇಲೆ, ಒಪ್ಪಿಕೊಂಡು ಮನೆಗೆ ಹೋದವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ನಂಬಿಕೆ: ಜೈಲಿನಲ್ಲಿರುವವರೆಲ್ಲ ಶಿಕ್ಷೆ ಆದವರು

ಕೌಂಟಿ ಜೈಲುಗಳಲ್ಲಿ ಇರುವವರಲ್ಲಿ ಹೆಚ್ಚಿನವರು ವಿಚಾರಣಾಧೀನರು. ನಮ್ಮಲ್ಲಿ ಜಾಮೀನೆಂದರೆ ಪಹಣಿ ಹಿಡಿದು ಬರುವ ಜಾಮೀನುದಾರರು ನೆನಪಾಗುತ್ತಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ನಗದು ಕಟ್ಟಬೇಕು. ಕಟ್ಟಲಾಗದವರು ಜಾಮೀನು ಏಜೆಂಟರ ಬಳಿ ಹೋಗುತ್ತಾರೆ. ಆತ ಸಾಮಾನ್ಯವಾಗಿ ಮೊತ್ತದ ಶೇ. 10 ತನ್ನ ಶುಲ್ಕವಾಗಿ ಇಟ್ಟುಕೊಂಡು ಜಾಮೀನು ನಿಲ್ಲುತ್ತಾನೆ. ಕೇಸು ಬಿದ್ದುಹೋದರೂ ಆ ಹಣ ವಾಪಸ್ ಬರುವುದಿಲ್ಲ. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರಿನಲ್ಲಿ ನಗದು ಜಾಮೀನನ್ನು ಪೂರ್ತಿ ತೆಗೆದುಹಾಕಿತು. ಒಂದು ರಾಜ್ಯದಲ್ಲಿ ಹೀಗಾದರೆ ಪಕ್ಕದ ರಾಜ್ಯದಲ್ಲಿ ಹಾಗೆಯೇ ಇರಬೇಕೆಂದಿಲ್ಲ. ನಮ್ಮಲ್ಲಿ ದೇಶಕ್ಕೆಲ್ಲ ಒಂದೇ ದಂಡಸಂಹಿತೆ. ಅಲ್ಲಿ 50 ರಾಜ್ಯಗಳಿಗೆ 50 ಸಂಹಿತೆ, ಮೇಲೊಂದು ಫೆಡರಲ್ ಕಾನೂನು. ಕೈದಿಗಳಲ್ಲಿ ಬಹುಪಾಲು ರಾಜ್ಯಗಳ ಕಾನೂನಿನಡಿ ಇರುವವರೇ ಆದ್ದರಿಂದ ಅಧ್ಯಕ್ಷರ ಕ್ಷಮಾದಾನ ಅವರಿಗೆ ತಲುಪುವುದೇ ಇಲ್ಲ. ಅದು ಫೆಡರಲ್ ಅಪರಾಧಗಳಿಗೆ ಮಾತ್ರ.

ನಂಬಿಕೆ: ಪೊಲೀಸರು ಹಕ್ಕುಗಳನ್ನು ಓದಿ ಹೇಳದಿದ್ದರೆ ಕೇಸೇ ಬಿದ್ದುಹೋಗುತ್ತದೆ

"ಸುಮ್ಮನಿರುವ ಹಕ್ಕು ನಿಮಗಿದೆ" ಎಂಬ ಮಾತು ಬಂದದ್ದು 1966ರ ಮಿರಾಂಡಾ ತೀರ್ಪಿನಿಂದ. ಬಂಧನದಲ್ಲಿಟ್ಟು ಪ್ರಶ್ನೆ ಕೇಳುವ ಮುನ್ನ ಇದನ್ನು ಹೇಳಬೇಕು. ಹೇಳದಿದ್ದರೆ ಆರೋಪಿಯ ಆ ಹೇಳಿಕೆಯನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ, ಅಷ್ಟೇ. ಬೇರೆ ಸಾಕ್ಷ್ಯವಿದ್ದರೆ ಕೇಸು ಮುಂದುವರಿಯುತ್ತದೆ. ಎರ್ನೆಸ್ಟೊ ಮಿರಾಂಡಾಗೇ ಮರುವಿಚಾರಣೆಯಲ್ಲಿ, ಪೊಲೀಸರಿಗೆ ಕೊಟ್ಟ ಹೇಳಿಕೆ ಇಲ್ಲದೆಯೇ, ಮತ್ತೆ ಶಿಕ್ಷೆಯಾಯಿತು.

ನಮ್ಮವರಿಗೆ ಇಲ್ಲಿ ಇನ್ನೊಂದು ಅಪಾಯ ಕಾದಿದೆ. ಭಾರತದಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ; ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಿಂದ ಬಂದ ನಿಯಮ ಅದು. ಅಮೆರಿಕದಲ್ಲಿ ಬೆಲೆಯಿದೆ. ತನಿಖೆಯ ಕೋಣೆಯಲ್ಲಿ ಪೊಲೀಸರು ಸುಳ್ಳನ್ನೂ ಹೇಳಬಹುದು. "ನಿನ್ನ ಜೊತೆಗಾರ ಎಲ್ಲ ಒಪ್ಪಿಕೊಂಡಿದ್ದಾನೆ" ಎಂದು ಸುಳ್ಳು ಹೇಳಿ ಪಡೆದ ಹೇಳಿಕೆಯನ್ನು 1969ರಲ್ಲೇ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಸುಮ್ಮನೆ ಕೂತರೂ ಸಾಲದು. ಮಿಷಿಗನ್ನಿನ ಒಂದು ಕೊಲೆ ಕೇಸಿನಲ್ಲಿ ಆರೋಪಿ ಮೂರು ಗಂಟೆಯಷ್ಟು ಹೊತ್ತು ಹೆಚ್ಚುಕಡಿಮೆ ಬಾಯಿಯೇ ಬಿಟ್ಟಿರಲಿಲ್ಲ. ಕೊನೆಗೆ, ಗುಂಡು ಹಾರಿಸಿದ್ದನ್ನು ಕ್ಷಮಿಸೆಂದು ದೇವರಲ್ಲಿ ಬೇಡುತ್ತೀಯಾ ಎಂದು ಕೇಳಿದಾಗ "ಹೌದು" ಎಂದ. ಆ ಒಂದು ಮಾತು ಅವನ ವಿರುದ್ಧ ನಿಂತಿತು. ಸುಮ್ಮನಿರುವ ಹಕ್ಕು ಬೇಕಿದ್ದರೆ ಬೇಕೆಂದು ಬಾಯಿಬಿಟ್ಟು ಹೇಳಬೇಕು ಎಂದು 2010ರಲ್ಲಿ ಕೋರ್ಟು ಹೇಳಿತು. ಹಾಗಾಗಿ "ವಕೀಲರು ಬರುವವರೆಗೆ ಮಾತಾಡುವುದಿಲ್ಲ" ಎನ್ನುವ ಒಂದು ವಾಕ್ಯ ನಾಲಿಗೆಯ ಮೇಲೆ ಇರಬೇಕು.

ನಂಬಿಕೆ: ದೂರು ಕೊಟ್ಟವರು ವಾಪಸ್ ತೆಗೆದುಕೊಂಡರೆ ಕೇಸು ಮುಗಿಯಿತು

ಗಂಡ ಹೆಂಡತಿ ಜಗಳ. ಪಕ್ಕದ ಅಪಾರ್ಟ್‌ಮೆಂಟಿನವರು 911ಕ್ಕೆ ಫೋನ್ ಮಾಡುತ್ತಾರೆ. ಕೈಮಾಡಿದ ಗುರುತು ಕಂಡರೆ ಅನೇಕ ರಾಜ್ಯಗಳಲ್ಲಿ ಪೊಲೀಸರು ಬಂಧಿಸಲೇಬೇಕು. ಮರುದಿನ ಹೆಂಡತಿ "ನಮ್ಮೊಳಗೇ ಸರಿಮಾಡಿಕೊಳ್ಳುತ್ತೇವೆ, ಕೇಸು ಬೇಡ" ಎಂದರೂ ಅದು ಅವರ ಕೈಯಲ್ಲಿರುವುದಿಲ್ಲ. ಕೇಸು ನಡೆಸುವುದೂ ಬಿಡುವುದೂ ಸರಕಾರಿ ವಕೀಲರಿಗೆ ಸೇರಿದ್ದು. ಪೆಟ್ಟು ತಿಂದವರ ಮೇಲೆ ಮನೆಯವರ ಒತ್ತಡ ಬೀಳದಿರಲಿ ಎಂಬ ಕಾರಣ ಇದರ ಹಿಂದಿದೆ, ಆ ಕಾರಣವನ್ನು ನಾನು ಗೌರವಿಸುತ್ತೇನೆ.

ನಂಬಿಕೆ: ಸಣ್ಣ ಕೇಸು, ಒಪ್ಪಿಕೊಂಡು ದಂಡ ಕಟ್ಟಿ ಮುಗಿಸುವುದೇ ಜಾಣತನ

ವೀಸಾದ ಮೇಲೆ ಅಥವಾ ಗ್ರೀನ್ ಕಾರ್ಡಿನ ಮೇಲೆ ಇರುವ ಕನ್ನಡಿಗರ ಮಟ್ಟಿಗೆ ಇದಕ್ಕಿಂತ ದುಬಾರಿಯಾದ ತಪ್ಪು ಕಲ್ಪನೆ ಇಲ್ಲ. ಹೋಸೆ ಪಡೀಯಾ ಹೊಂಡುರಾಸ್‌ನಿಂದ ಬಂದು 40 ವರ್ಷಕ್ಕೂ ಹೆಚ್ಚು ಕಾಲ ಕಾನೂನುಬದ್ಧವಾಗಿ ಅಮೆರಿಕದಲ್ಲಿ ಬಾಳಿದವರು, ವಿಯೆಟ್ನಾಂ ಯುದ್ಧದಲ್ಲಿ ಆ ದೇಶದ ಸೈನ್ಯದಲ್ಲಿದ್ದವರು. ಗಾಂಜಾ ಸಾಗಿಸಿದ ಕೇಸಿನಲ್ಲಿ "ಇಷ್ಟು ವರ್ಷದಿಂದ ಇಲ್ಲಿದ್ದೀರಿ, ವಲಸೆಯ ಚಿಂತೆ ಬೇಡ" ಎಂಬ ವಕೀಲರ ಮಾತು ನಂಬಿ ಒಪ್ಪಿಕೊಂಡರು. ಗಡೀಪಾರು ಎದುರಾಯಿತು. ತಪ್ಪೊಪ್ಪಿಕೊಂಡರೆ ಗಡೀಪಾರಾಗುವ ಅಪಾಯವಿದೆಯೇ ಎಂದು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು 2010ರಲ್ಲಿ ಅವರ ಕೇಸಿನಲ್ಲೇ ಸುಪ್ರೀಂ ಕೋರ್ಟು ಹೇಳಿತು.

ಅಂಗಡಿಯಲ್ಲಿ ಬಿಲ್ ಮಾಡಿಸದೆ ಸಾಮಾನು ತಂದ ಕೇಸನ್ನು ವಲಸೆ ಕಾನೂನು ಕಳ್ಳತನವೆಂದೇ ನೋಡುತ್ತದೆ. ವೀಸಾ ನವೀಕರಣ, ಗ್ರೀನ್ ಕಾರ್ಡ್, ಪೌರತ್ವ ಮೂರಕ್ಕೂ ಅದು ಅಡ್ಡ ಬರಬಹುದು. ಕ್ರಿಮಿನಲ್ ಕೋರ್ಟಿನಲ್ಲಿ "ವಜಾ" ಎಂದು ದಾಖಲಾದ ಕೆಲವು ರಾಜಿಗಳೂ, ಅದರೊಳಗೆ ತಪ್ಪೊಪ್ಪಿಗೆ ಇದ್ದರೆ, ವಲಸೆ ಅಧಿಕಾರಿಯ ಮೇಜಿನ ಮೇಲೆ ಶಿಕ್ಷೆಯಾಗಿಯೇ ಉಳಿಯುತ್ತವೆ. ಯಾವ ಕಾಗದಕ್ಕೂ ಸಹಿ ಹಾಕುವ ಮುನ್ನ ಕ್ರಿಮಿನಲ್ ವಕೀಲರ ಜೊತೆ ವಲಸೆ ಕಾನೂನು ತಿಳಿದ ವಕೀಲರನ್ನೂ ಕೇಳಬೇಕು. ಬಂಧನವಾದರೆ ಭಾರತದ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಲ್ಲಿದೆ, ಕೇಳಿದರೆ ತಡಮಾಡದೆ ತಿಳಿಸಬೇಕು. ಕಾನ್ಸುಲೇಟಿನವರು ಕೋರ್ಟಿನಲ್ಲಿ ವಾದಿಸುವುದಿಲ್ಲ, ಆದರೆ ಜೈಲಿಗೆ ಬಂದು ಭೇಟಿಯಾಗಬಹುದು, ವಕೀಲರನ್ನು ಗೊತ್ತುಮಾಡಲು ನೆರವಾಗಬಹುದು, ಊರಿನಲ್ಲಿರುವ ಮನೆಯವರಿಗೆ ಸುದ್ದಿ ಮುಟ್ಟಿಸಬಹುದು.